ಅಣ್ಣನನ್ನು ಎಲ್ಲಿಗೆ ಸೇರಿಸಬೇಕು?

ಪ್ರಶ್ನೆ: ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ಅಮ್ಮ, ಅಣ್ಣ, ಅತ್ತಿಗೆ ಮತ್ತು ಅವರ ಇಬ್ಬರು ಮಕ್ಕಳಿದ್ದಾರೆ. ಅಣ್ಣನಿಗೆ 42 ವರ್ಷ. ಕಬ್ಬು, ಭತ್ತದ ಬೇಸಾಯವಿದೆ. ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುತ್ತದೆ. ದಿನಕ್ಕೆ ಮೂರು ಕ್ವಾರ್ಟರ್ ಆಗುತ್ತದೆ. ಎರಡು ವರ್ಷದ ಹಿಂದೆ ಮನೆಯಲ್ಲೇ ಕೂಡಿಹಾಕಿ ಬಿಡಿಸಲು ನೋಡಿದೆವು. ಮಾರನೆಯ ದಿನ ಫಿಟ್ಸ್ ಬಂತು, ಮೂರನೆಯ ರಾತ್ರಿ ಗೋಡೆಯ ಮೇಲೆಲ್ಲ ಹುಳು ಹರಿಯುತ್ತಿವೆ ಎಂದು ಕೂಗಾಡಿದರು. ಹೆದರಿ ನಾವೇ ಕುಡಿಸಿದೆವು. ಕಳೆದ ಕಾರ್ತಿಕದಲ್ಲಿ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ನಾಲ್ಕು ತಿಂಗಳು ಚೆನ್ನಾಗಿದ್ದರು. ಹೊಸತೊಡಕಿನ ದಿನ ಮತ್ತೆ ಶುರುವಾಯಿತು. ಸಾರಿನಲ್ಲಿ ಬೆರೆಸುವ ಪುಡಿ ತರಿಸೋಣ ಎಂದು ಅಮ್ಮ ಹೇಳುತ್ತಾರೆ. ಗಾಡಿ ಕಳಿಸಿ ಕರೆದೊಯ್ದು ಆರು ತಿಂಗಳು ಇಟ್ಟುಕೊಳ್ಳುವ ಖಾಸಗಿ ಕೇಂದ್ರವೊಂದಕ್ಕೆ ಸೇರಿಸೋಣ ಎಂದು ಸೋದರಮಾವ ಹೇಳುತ್ತಾರೆ. ಏನು ಮಾಡಬೇಕು? ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆ ಇದೆಯೇ?

ಉತ್ತರ: ಎಲ್ಲಿಗೆ ಸೇರಿಸಬೇಕು ಎನ್ನುವುದಕ್ಕಿಂತ ಮೊದಲು ತಿಳಿಯಬೇಕಾದ ಮಾತೊಂದಿದೆ. ನಿಮ್ಮ ಅಣ್ಣನವರನ್ನು ಆಸ್ಪತ್ರೆಗೆ ಕರೆತರುವವರೆಗೆ ಅವರ ಕುಡಿತವನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಮನೋವೈದ್ಯರೊಬ್ಬರು ಹೀಗೆ ಹೇಳುವುದು ವಿಚಿತ್ರವಾಗಿ ಕೇಳಿಸಬಹುದು; ಆದರೆ ಹಿಂದೊಮ್ಮೆ ಫಿಟ್ಸ್ ಮತ್ತು ಭ್ರಮೆ ಎರಡೂ ಬಂದಿರುವವರಿಗೆ ಬಾಗಿಲು ಹಾಕಿ ಕೂಡಿಹಾಕುವುದು ಕುಡಿತದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಅಪಾಯಕರ. ಅಂದು ನೀವು ಹೆದರಿ ಕುಡಿಸಿದ್ದಕ್ಕೆ ಈಗ ಕೊರಗಬೇಕಾಗಿಲ್ಲ. ಆ ಹೊತ್ತಿಗೆ ಆಂಬುಲೆನ್ಸಿಗಾಗಿ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ದಿದ್ದರೆ ಇನ್ನೂ ಒಳ್ಳೆಯದಿತ್ತು, ಅಷ್ಟೆ.

ಇದರ ಕಾರಣ ಹೀಗಿದೆ. ವರ್ಷಗಟ್ಟಲೆ ದಿನವಿಡೀ ಮದ್ಯ ಸೇವಿಸುವವರ ಮಿದುಳು, ಮದ್ಯದ ಮಂಕನ್ನು ಸರಿದೂಗಿಸಲು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯವನ್ನು ಏಕಾಏಕಿ ತೆಗೆದುಬಿಟ್ಟರೆ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ. ಕೊನೆಯ ಕುಡಿತವಾದ ಆರರಿಂದ ಹನ್ನೆರಡು ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ, ನಿದ್ರೆ ಬಾರದಿರುವುದು ಕಾಣಿಸುತ್ತವೆ. ಫಿಟ್ಸ್ ಬರುವುದಿದ್ದರೆ ಬಹುಮಟ್ಟಿಗೆ ಮೊದಲ ನಲವತ್ತೆಂಟು ಗಂಟೆಗಳಲ್ಲಿ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಬರುವುದು ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿ: ಜ್ವರ, ಏರಿದ ನಾಡಿಬಡಿತ, ಹಗಲು ರಾತ್ರಿಯ ಗುರುತು ತಪ್ಪುವುದು, ಇಲ್ಲದ್ದು ಕಾಣುವುದು. ನಿಮ್ಮ ಅಣ್ಣ ಗೋಡೆಯ ಮೇಲೆ ಹುಳು ಕಂಡದ್ದು ಇದೇ. ನಮ್ಮ ಜಿಲ್ಲೆಗಳ ರೈತರಲ್ಲಿ ಇದರ ಇನ್ನೊಂದು ರೂಪವನ್ನು ನೋಡುತ್ತೇವೆ. ಹಾಸಿಗೆಯ ಮೇಲೆ ಕುಳಿತು ಆಸ್ಪತ್ರೆಯ ಹೊದಿಕೆಯನ್ನೇ ಕಬ್ಬಿನ ಸೋಗೆ ಎಂದುಕೊಂಡು ಸುಲಿಯುತ್ತಾರೆ, ಸುಲಿದದ್ದನ್ನು ಹೊರೆ ಕಟ್ಟುತ್ತಾರೆ, ಇಲ್ಲದ ಎತ್ತುಗಳನ್ನು ಗದರುತ್ತಾರೆ. ಮನೆಯವರು ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ತಾಯಿತ ಕಟ್ಟಿಸಲು ಓಡುವುದುಂಟು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಇದರಿಂದ ಸಾವೂ ಸಂಭವಿಸುತ್ತದೆ. ಅಲ್ಲದೆ, ಒಮ್ಮೆ ತೀವ್ರವಾಗಿ ಹೀಗಾದವರಿಗೆ ಮುಂದಿನ ಸಲ ಇನ್ನೂ ತೀವ್ರವಾಗಿ ಆಗುವ ಸಂಭವ ಹೆಚ್ಚು. ಆದ್ದರಿಂದ ನಿಮ್ಮ ಅಣ್ಣನವರ ವಿಷಯದಲ್ಲಿ ಮನೆಯಲ್ಲೇ ಬಿಡಿಸುವ ಯೋಚನೆಯನ್ನು ಪೂರ್ತಿ ಕೈಬಿಡಿ.

ಮೂರು ಕ್ವಾರ್ಟರ್ ಎಂದರೆ ಎಷ್ಟು ಎಂಬುದನ್ನೂ ಲೆಕ್ಕ ಹಾಕಿ ನೋಡಬೇಕು. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರ ಇರುತ್ತದೆ. 90 ಎಂಎಲ್‌ನ ಒಂದು ಟೆಟ್ರಾ ಪ್ಯಾಕಿನಲ್ಲಿ ಸುಮಾರು 30 ಗ್ರಾಂ, 180 ಎಂಎಲ್‌ನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಾಯಿತು. ನಿಮ್ಮ ಅಣ್ಣನವರ ದೇಹಕ್ಕೆ ದಿನಕ್ಕೆ 180 ಗ್ರಾಂ ಸೇರುತ್ತಿದೆ. ಇಷ್ಟು ಕುಡಿಯುವವರು ‘ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಕೊಂಡು ಹಬ್ಬಕ್ಕೆ ಮಾತ್ರ ತಗೋತೀನಿ’ ಎಂದು ಹೇಳುವುದನ್ನು ಪ್ರಾಮಾಣಿಕವಾದ ಆಸೆ ಎಂದು ಗೌರವಿಸಬಹುದು; ಚಿಕಿತ್ಸೆಯ ಗುರಿಯಾಗಿ ಒಪ್ಪಿಕೊಳ್ಳಲಾಗದು. ಅವರಿಗೆ ಪೂರ್ತಿ ಬಿಡುವುದೊಂದೇ ಸುರಕ್ಷಿತ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಖಂಡಿತ ಇದೆ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಜನ ಮಿಮ್ಸ್ ಎಂದು ಕರೆಯುವ ಆಸ್ಪತ್ರೆಯಲ್ಲೂ, ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. ಖಾಸಗಿಯಲ್ಲಿ ಹೋಗುವುದಾದರೆ ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಈ ವಿಭಾಗವಿದೆ. ಪಾಂಡವಪುರ ಮಂಡ್ಯ ಮತ್ತು ಮೈಸೂರುಗಳ ನಡುವೆ ಇರುವುದರಿಂದ ನಿಮಗೆ ಎರಡೂ ಊರು ಹತ್ತಿರವೇ. ನೀವು ಮೈಸೂರಿನಲ್ಲೇ ಇರುವುದರಿಂದ ಒಳರೋಗಿಯಾಗಿ ಸೇರಿಸಲು ಇಲ್ಲಿಯೇ ಅನುಕೂಲವಾಗಬಹುದು. ಆಮೇಲೆ ತಿಂಗಳು ತಿಂಗಳು ತೋರಿಸಲು ಅಣ್ಣನವರಿಗೆ ಯಾವ ಊರು ಸಲೀಸೋ ಅದನ್ನು ಆರಿಸಿಕೊಳ್ಳಿ. ತೀರಾ ಜಟಿಲವಾದ ಸಂದರ್ಭಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಆದರೆ ಮೊದಲ ಹೆಜ್ಜೆಯನ್ನೇ ಅಲ್ಲಿಂದ ಆರಂಭಿಸಬೇಕಾಗಿಲ್ಲ.

ಆಸ್ಪತ್ರೆಯಲ್ಲಿ ಆಗುವ ಕೆಲಸ ಸುಮಾರು ಒಂದು ವಾರದಿಂದ ಹತ್ತು ದಿನದ್ದು. ವೈದ್ಯರು ಎರಡೂ ಕೈಗಳನ್ನು ಮುಂದೆ ಚಾಚಿ ಬೆರಳು ಅಗಲಿಸುವಂತೆ ಹೇಳುತ್ತಾರೆ, ತಮ್ಮ ಬೆರಳ ತುದಿಯನ್ನು ರೋಗಿಯ ಬೆರಳ ತುದಿಗೆ ತಾಗಿಸಿ ನೋಡುತ್ತಾರೆ. ಕಣ್ಣಿಗೆ ಕಾಣದ ನಡುಕವೂ ಆ ಸ್ಪರ್ಶಕ್ಕೆ ಸಿಗುತ್ತದೆ. ನಡುಕ, ಬೆವರು, ತಳಮಳ, ವಾಕರಿಕೆಗಳಿಗೆ ಅಂಕ ಕೊಟ್ಟು, ಆ ಅಂಕವನ್ನು ದಿನಕ್ಕೆ ಹಲವು ಬಾರಿ ನೋಡಿ, ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್‌ನಂತಹ ಔಷಧಿಗಳ ಪ್ರಮಾಣವನ್ನು ನಿರ್ಧರಿಸಿ, ದಿನೇ ದಿನೇ ಇಳಿಸುತ್ತಾ ಹೋಗಿ ನಿಲ್ಲಿಸುತ್ತಾರೆ. ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್ ಕೊಡುವುದು ರೂಢಿ. ಈ ಗುಳಿಗೆಗಳಿಗೂ ಅಭ್ಯಾಸ ಹಿಡಿಸುವ ಗುಣವಿದೆ. ವಾರ್ಡಿನಿಂದ ಮನೆಗೆ ಹೋದ ಮೇಲೆ ‘ನಿದ್ದೆ ಬರ್ತಿಲ್ಲ’ ಎಂದು ಮೆಡಿಕಲ್ ಶಾಪಿನಲ್ಲಿ ಅದೇ ಸ್ಟ್ರಿಪ್ ಕೊಂಡು ಮುಂದುವರಿಸಿದವರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಿದ್ದಂತೆ. ಇದರ ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವವನ್ನು ಇಂಜೆಕ್ಷನ್ ರೂಪದಲ್ಲಿ ಕೊಡುತ್ತಾರೆ. ಸರಿಯಾಗಿ ಊಟ ಮಾಡದೆ ಕುಡಿಯುವವರಲ್ಲಿ ಇದರ ಕೊರತೆ ತೀವ್ರವಾಗಿರುತ್ತದೆ. ಅಂಥವರಿಗೆ ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಕಣ್ಣಿನ ಚಲನೆ ಕೆಡುವುದು, ನಡಿಗೆ ತೂರಾಡುವುದು, ನೆನಪು ಶಾಶ್ವತವಾಗಿ ಹೋಗುವುದು ಮುಂತಾದ ಅನಾಹುತಗಳಾಗಬಹುದು. ಸುಸ್ತಾದ ಕುಡುಕರಿಗೆ ಹಳ್ಳಿಯ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಬರುವ ವಾಡಿಕೆ ನಮ್ಮ ಕಡೆ ಬಹಳ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ತಾಯಿಯವರು ಹೇಳುವ ಪುಡಿಯ ವಿಷಯಕ್ಕೆ ನನ್ನ ಉತ್ತರ ಒಂದೇ: ಬೇಡ. ಗೊತ್ತಿಲ್ಲದಂತೆ ಬೆರೆಸಲು ಮಾರುವ ಪುಡಿಗಳಲ್ಲಿ ಏನಿರುತ್ತದೆ ಎಂಬುದನ್ನು ಪೊಟ್ಟಣ ಹೇಳುವುದಿಲ್ಲ; ಡೈಸಲ್ಫಿರಾಮ್ ಎಂಬ ಗುಳಿಗೆಯನ್ನೇ ಅರೆದು ಬೆರೆಸುವವರೂ ಇದ್ದಾರೆ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಲ್ಲಿ ಮದ್ಯವ್ಯಸನದ ಚಿಕಿತ್ಸೆಗೆ ಬಳಕೆಗೆ ಬಂದ ಈ ಔಷಧಿ ಇಂದಿಗೂ ಉಪಯುಕ್ತವೇ. ಅದನ್ನು ಸೇವಿಸಿದವರು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೀಗಾಗುತ್ತದೆ ಎಂದು ತಿಳಿದವನು ಮದ್ಯದಿಂದ ದೂರವಿರುತ್ತಾನೆ. ಔಷಧಿಯ ಕೆಲಸ ನಡೆಯುವುದು ಆ ತಿಳಿವಳಿಕೆಯಿಂದಲೇ. ತಿಳಿಯದವನು ಎಂದಿನಂತೆ ಕುಡಿಯುತ್ತಾನೆ, ಹೃದಯ ದುರ್ಬಲವಾಗಿದ್ದರೆ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಉಳಿದುಕೊಂಡರೂ, ಒಂದಲ್ಲ ಒಂದು ದಿನ ವಿಷಯ ಹೊರಬಿದ್ದು, ಮನೆಯ ಊಟದ ಮೇಲೇ ಅವರ ನಂಬಿಕೆ ಹೋಗುತ್ತದೆ. ಗಂಡನ ತಟ್ಟೆಗೆ ಮದ್ದು ಹಾಕಿದಳೆಂಬ ಮಾತು ಊರಿನಲ್ಲಿ ಹಬ್ಬಿದರೆ ಅದನ್ನು ಹೊರಬೇಕಾದವರು ನಿಮ್ಮ ಅತ್ತಿಗೆ. ತಾಯಿಯವರಿಗೆ ಇದನ್ನು ನೀವೇ ಬಿಡಿಸಿ ಹೇಳಿ.

ಸೋದರಮಾವನವರ ಸಲಹೆಯ ಹಿಂದೆ ಇರುವ ಆಯಾಸ ನನಗೆ ಅರ್ಥವಾಗುತ್ತದೆ. ಆರು ತಿಂಗಳು ಮನೆಗೆ ನೆಮ್ಮದಿ ಸಿಗಲಿ ಎಂಬುದು ಅನ್ಯಾಯದ ಬಯಕೆಯಲ್ಲ. ಆದರೆ ಗಾಡಿ ಕಳಿಸಿ, ಕೈಕಾಲು ಹಿಡಿದು ಎತ್ತಿಕೊಂಡು ಹೋಗುವ ಕೇಂದ್ರಗಳಿಗೆ ಕಾನೂನಿನ ಬೆಂಬಲವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಅದರಂತೆ ಇಂತಹ ರೋಗಿಗಳನ್ನು ಒಳಗಿಟ್ಟು ಚಿಕಿತ್ಸೆ ಕೊಡುವ ಸಂಸ್ಥೆ ನೋಂದಣಿ ಮಾಡಿಸಿಕೊಂಡಿರಬೇಕು. ರೋಗಿಯನ್ನು ಸರಪಳಿಯಿಂದ ಕಟ್ಟುವಂತಿಲ್ಲ. ಸಾಮಾನ್ಯವಾಗಿ ರೋಗಿಯ ಒಪ್ಪಿಗೆಯಿಂದಲೇ ಸೇರಿಸಿಕೊಳ್ಳಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರನ್ನು, ತಮಗೋ ಇತರರಿಗೋ ಅಪಾಯ ತಂದುಕೊಳ್ಳುವಂತಿದ್ದರೆ ಅಥವಾ ತಮ್ಮನ್ನು ತಾವೇ ನೋಡಿಕೊಳ್ಳಲಾರದಂತಿದ್ದರೆ, ಮನೋವೈದ್ಯರೂ ಸೇರಿ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿದ ಮೇಲೆ, ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಕೋರಿಕೆಯ ಮೇರೆಗೆ ಮೊದಲಿಗೆ ಹೆಚ್ಚೆಂದರೆ 30 ದಿನಗಳವರೆಗೆ ಸೇರಿಸಿಕೊಳ್ಳಬಹುದು. ಪ್ರಾಣಾಪಾಯದಂತಹ ತುರ್ತಿನಲ್ಲಿ ಯಾವುದೇ ನೋಂದಾಯಿತ ವೈದ್ಯರು ಪ್ರತಿನಿಧಿಯ ಒಪ್ಪಿಗೆ ಸಿಗುವಂತಿದ್ದರೆ ಅದನ್ನು ಪಡೆದು 72 ಗಂಟೆಗಳವರೆಗೆ ಚಿಕಿತ್ಸೆ ಕೊಡಬಹುದು. ಮುಂಗಡವಾಗಿಯೇ ಆರು ತಿಂಗಳೆಂದು ಬರೆಸಿಕೊಂಡು ಹಣ ಕಟ್ಟಿಸಿಕೊಳ್ಳುವ ಪದ್ಧತಿ ಇದಾವುದಕ್ಕೂ ಹೊಂದುವುದಿಲ್ಲ.

ಎಲ್ಲ ಖಾಸಗಿ ಕೇಂದ್ರಗಳೂ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ನೆರವಿನಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳೂ ಇವೆ. ಯಾವುದೇ ಆಗಲಿ, ನೋಡಲು ಹೋದಾಗ ಒಂದು ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ಇವರಿಗೆ ಫಿಟ್ಸ್ ಬಂದರೆ ಯಾರು ಬರುತ್ತಾರೆ? ವೈದ್ಯರ ಹೆಸರು, ಆಸ್ಪತ್ರೆಯ ಹೆಸರು ಹೇಳದೆ ‘ಅದೆಲ್ಲ ನಾವು ನೋಡ್ಕೋತೀವಿ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಮೊದಲ ತಿಂಗಳು ಮನೆಯವರು ನೋಡಲೂ ಬಾರದು, ಫೋನೂ ಮಾಡಬಾರದು ಎನ್ನುವ ಕಡೆಯೂ ಬೇಡ.

ಶಿಬಿರ ವಿಫಲವಾಯಿತು ಎಂಬ ಧಾಟಿ ನಿಮ್ಮ ಪತ್ರದಲ್ಲಿದೆ. ಅದನ್ನು ಒಪ್ಪಲು ನನಗೆ ಕಷ್ಟ. ಹದಿನೈದು-ಇಪ್ಪತ್ತು ವರ್ಷ ಕುಡಿದ ವ್ಯಕ್ತಿಯೊಬ್ಬರು ನಾಲ್ಕು ತಿಂಗಳು ಮದ್ಯವಿಲ್ಲದೆ ಬದುಕಿದರು, ಗದ್ದೆ ನೋಡಿಕೊಂಡರು, ಮಕ್ಕಳ ಜೊತೆ ಕುಳಿತು ಉಂಡರು. ಅದು ಅವರಿಂದ ಸಾಧ್ಯ ಎಂಬುದು ಅವರಿಗೂ ನಿಮಗೂ ಈಗ ಗೊತ್ತಿದೆ. ಆಸ್ಪತ್ರೆಗೆ ಬಾರದ ಹಳ್ಳಿಗರಿಗಾಗಿ ಚಿಕಿತ್ಸೆಯನ್ನೇ ಹಳ್ಳಿಗೆ ಒಯ್ಯುವ ಯೋಚನೆ ಹೊಸದಲ್ಲ, ಚೆನ್ನೈನ ಟಿ.ಟಿ. ರಂಗನಾಥನ್ ಪ್ರತಿಷ್ಠಾನದವರು 1989ರಲ್ಲೇ ತಮಿಳುನಾಡಿನ ಮಂಜಕ್ಕುಡಿ ಎಂಬ ಗ್ರಾಮದಲ್ಲಿ ಇಂತಹ ಚಿಕಿತ್ಸಾ ಶಿಬಿರಗಳನ್ನು ಆರಂಭಿಸಿದ್ದರು. ನಮ್ಮ ರಾಜ್ಯದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನಗಳ ಶಿಬಿರಗಳು ಎಲ್ಲರಿಗೂ ಪರಿಚಿತ. ಊರಿನ ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ನಡೆಯುವ ಶಿಬಿರದಲ್ಲಿ ಆಸ್ಪತ್ರೆಗೆ ಇಲ್ಲದ ಒಂದು ಬಲವಿದೆ: ಬಿಟ್ಟವರು ಬಿಟ್ಟಿದ್ದಾರೆ ಎಂಬುದು ಊರಿಗೇ ತಿಳಿದಿರುತ್ತದೆ, ಜೊತೆಗೆ ಬಿಟ್ಟ ಇನ್ನೂ ಹತ್ತಾರು ಜನ ಸುತ್ತಮುತ್ತಲೇ ಇರುತ್ತಾರೆ. ಶಿಬಿರದ ಬಳಿಕ ಅವರೆಲ್ಲ ಕೂಡಿಕೊಳ್ಳುವ ನವಜೀವನ ಸಮಿತಿಗಳು ಇರುವುದೇ ಇದಕ್ಕಾಗಿ. ನಿಮ್ಮ ಅಣ್ಣನವರು ಆ ಸಭೆಗಳಿಗೆ ಹೋಗುತ್ತಿದ್ದರೇ, ಹೋಗುತ್ತಿದ್ದರೆ ಯಾವಾಗ ನಿಲ್ಲಿಸಿದರು ಎಂಬುದನ್ನು ನೀವು ಬರೆದಿಲ್ಲ. ಸಾಮಾನ್ಯವಾಗಿ ಗ್ಲಾಸು ಕೈಗೆ ಬರುವ ಹಲವು ವಾರ ಮೊದಲೇ ಸಭೆ ನಿಂತಿರುತ್ತದೆ.

ನಾನು ಹೇಳಬೇಕೆಂದಿರುವುದೆಲ್ಲ ಇಲ್ಲಿಯೇ ಇದೆ. ಮದ್ಯವನ್ನು ದೇಹದಿಂದ ಇಳಿಸುವುದು ಹತ್ತು ದಿನದ ಕೆಲಸ. ಅದನ್ನು ಆಸ್ಪತ್ರೆ ಮಾಡಿಕೊಡುತ್ತದೆ. ಅದರ ಮುಂದಿನ ಒಂದೆರಡು ವರ್ಷ, ಸ್ವಂತ ಊರಿನಲ್ಲಿ, ಅದೇ ವೈನ್ ಸ್ಟೋರ್ ಮುಂದೆ, ಅದೇ ಗೆಳೆಯರ ನಡುವೆ ಕುಡಿಯದೆ ಇರುವುದಕ್ಕೆ ಬೇಕಾದ ಏರ್ಪಾಡೇ ನಿಜವಾದ ಚಿಕಿತ್ಸೆ. ದೂರದಲ್ಲಿ ಆರು ತಿಂಗಳು ಇಟ್ಟರೂ ಒಂದು ದಿನ ಅವರು ಪಾಂಡವಪುರದ ಬಸ್ ಇಳಿಯಲೇಬೇಕು.

ಈ ಏರ್ಪಾಡಿನಲ್ಲಿ ಔಷಧಿಗೆ ಸ್ಥಾನವಿದೆ. ಮದ್ಯದ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ಗಳನ್ನು ಕನಿಷ್ಠ ಆರು ತಿಂಗಳಾದರೂ ಕೊಡುತ್ತೇವೆ. ನೋವಿಗೆಂದು ಟ್ರಮಡಾಲ್ ನುಂಗುವವರಿಗೆ ನಾಲ್ಟ್ರೆಕ್ಸೋನ್ ಆಗದು, ಮೂತ್ರಪಿಂಡ ಕೆಟ್ಟವರಿಗೆ ಅಕಾಂಪ್ರೊಸೇಟ್ ಆಗದು, ಯಕೃತ್ತು ಕೆಟ್ಟವರಿಗೆ ಬ್ಯಾಕ್ಲೊಫೆನ್‌ನ ಯೋಚನೆ ಮಾಡುತ್ತೇವೆ. ಆದ್ದರಿಂದ ರಕ್ತಪರೀಕ್ಷೆಯಿಲ್ಲದೆ ಯಾರದೋ ಚೀಟಿ ನೋಡಿ ಕೊಳ್ಳಬಾರದು. ಎಲ್ಲ ತಿಳಿದು ಒಪ್ಪಿದವರಿಗೆ ಡೈಸಲ್ಫಿರಾಮ್ ಕೂಡ ಕೊಡಬಹುದು; ಅದನ್ನು ದಿನವೂ ಒಬ್ಬರ ಎದುರಿನಲ್ಲಿ ತೆಗೆದುಕೊಳ್ಳುವುದು ಮೇಲು. ಆ ಒಬ್ಬರು ಹೆಂಡತಿಯೇ ಆಗಬೇಕೆಂದಿಲ್ಲ. ಬೆಳಗಾದರೆ ಗಂಡನ ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡುವ ಪೊಲೀಸ್ ಕೆಲಸ ದಾಂಪತ್ಯಕ್ಕೆ ಒಳ್ಳೆಯದಲ್ಲ. ತಾಯಿಯವರು ಕಾಫಿ ಕೊಡುವ ಹೊತ್ತಿಗೆ ಅವರಾಗಿಯೇ ಸ್ಟ್ರಿಪ್ ತಂದು, ಎದುರಿಗೇ ನುಂಗಿ, ಕ್ಯಾಲೆಂಡರಿನಲ್ಲಿ ಗುರುತು ಹಾಕುವಂತೆ ಮಾಡಿ.

ಮರಳಿ ಕುಡಿಯುವ ದಿನಗಳು ಮುಂಚೆಯೇ ತಿಳಿದಿರುತ್ತವೆ. ಕಾರ್ಖಾನೆಯಿಂದ ಕಬ್ಬಿನ ದುಡ್ಡು ಬರುವ ವಾರ, ಊರಹಬ್ಬ, ಬಾಡೂಟ, ಹೊಸತೊಡಕು. ಎಲ್ಲಕ್ಕಿಂತ ಕಷ್ಟವಾದದ್ದು ಪಿತೃಪಕ್ಷ, ಏಕೆಂದರೆ ತೀರಿಕೊಂಡ ತಂದೆಗೆ ಇಷ್ಟವಾಗಿತ್ತೆಂದು ಎಡೆಯಲ್ಲಿ ಮನೆಯವರೇ ಮದ್ಯ ಇಡುತ್ತಾರೆ, ಅದನ್ನು ಪ್ರಸಾದವೆಂದು ಕೊಟ್ಟಾಗ ಬೇಡವೆನ್ನುವುದು ಹಿರಿಯರಿಗೆ ಅಗೌರವ ತೋರಿಸಿದಂತೆ ಕಾಣುತ್ತದೆ. ಈ ಸಲ ನಿಮ್ಮ ಮನೆಯ ಎಡೆಯಲ್ಲಿ ಬಾಟ್ಲಿ ಇರಬಾರದು, ಅದನ್ನು ತೀರ್ಮಾನಿಸಬೇಕಾದವರು ತಾಯಿ ಮತ್ತು ಸೋದರಮಾವ. ಕಬ್ಬಿನ ಹಣ ಒಂದಷ್ಟು ಕಾಲ ಅತ್ತಿಗೆಯವರೂ ಸಹಿ ಹಾಕಬೇಕಾದ ಜಂಟಿ ಖಾತೆಗೆ ಬರಲಿ, ಅದೂ ಅಣ್ಣನವರ ಒಪ್ಪಿಗೆಯಿಂದ. ದೇವರ ಮುಂದೆ ಆಣೆ ಮಾಡಿಸುವುದಕ್ಕೆ, ಅಯ್ಯಪ್ಪನ ಮಾಲೆ ಹಾಕಿಸುವುದಕ್ಕೆ ನನ್ನ ತಕರಾರಿಲ್ಲ; ಮಾಲೆಯ ದಿನಗಳಲ್ಲಿ ನಮ್ಮ ಎಷ್ಟೋ ರೋಗಿಗಳು ಗಟ್ಟಿಯಾಗಿರುತ್ತಾರೆ. ಆದರೆ ಮಾಲೆ ಹಾಕುವ ಮುನ್ನ ಚಿಕಿತ್ಸೆಯಾಗಿರಬೇಕು, ಮಾಲೆ ತೆಗೆಯುವ ವಾರಕ್ಕೆ ಆಸ್ಪತ್ರೆಯ ಭೇಟಿ ಗೊತ್ತಾಗಿರಬೇಕು. ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪುಗಳ ಸಭೆಗಳೂ ಮೈಸೂರಿನಲ್ಲಿ ನಡೆಯುತ್ತವೆ. ಹೆಸರು, ವಿಳಾಸ ಕೇಳುವುದಿಲ್ಲ, ಶುಲ್ಕವಿಲ್ಲ. 1935ರಲ್ಲಿ ಅಮೆರಿಕದಲ್ಲಿ ಇದನ್ನು ಆರಂಭಿಸಿದ ಇಬ್ಬರೂ ಸ್ವತಃ ಕುಡಿತದಿಂದ ನರಳಿದವರೇ ಆಗಿದ್ದರು. ಒಂದು ವೇಳೆ ಅವರು ಮತ್ತೆ ಕುಡಿದರೆ, ಮನೆಯಲ್ಲಿ ಪಂಚಾಯಿತಿ ಸೇರಿಸುವ ಬದಲು ಎರಡು ಮೂರು ದಿನದೊಳಗೆ ವೈದ್ಯರಲ್ಲಿಗೆ ಕರೆತನ್ನಿ. ಒಂದು ದಿನದ ಕುಡಿತ ಹಳೆಯ ಮೂರು ಕ್ವಾರ್ಟರಿಗೆ ತಿರುಗುವ ಮುನ್ನ ತಡೆಯುವುದು ಸುಲಭ.

ನೀವು ಒಬ್ಬರೇ ಹೀಗೆ ಅಲೆಯುತ್ತಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ ಸುಮಾರು 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದ್ದು ಸುಮಾರು 180 ಜನರಲ್ಲಿ ಒಬ್ಬರಿಗೆ. ಇದಕ್ಕೆ ವೈದ್ಯರ ಕೊರತೆಯಷ್ಟೇ ಕಾರಣವಲ್ಲ. ಕುಡಿತವನ್ನು ಮನಸ್ಸು ಗಟ್ಟಿಯಿಲ್ಲದವರ ಹಣೆಬರಹ ಎಂದು ಎಣಿಸುವ ನಾವು, ಕಾಮಾಲೆ ಬಂದ ಮೇಲೆ ಆಸ್ಪತ್ರೆಯನ್ನು ನೆನೆಯುತ್ತೇವೆ.

ನಿಮ್ಮ ಪತ್ರದಲ್ಲಿ ಅತ್ತಿಗೆಯವರ ಬಗ್ಗೆ ಒಂದೇ ಸಾಲಿದೆ. ಅವರು ನಿದ್ರೆ ಮಾಡುತ್ತಿದ್ದಾರೆಯೇ, ಹೊಡೆತ ಬೀಳುತ್ತಿದೆಯೇ, ಮಕ್ಕಳ ಓದು ಹೇಗಿದೆ ಎಂದು ಪ್ರತ್ಯೇಕವಾಗಿ ವಿಚಾರಿಸಿ. ಹಿಂಸೆಯಾಗುತ್ತಿದ್ದರೆ ಗಂಡನ ಚಿಕಿತ್ಸೆ ಮುಗಿಯಲೆಂದು ಕಾಯಬೇಕಾಗಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಇವೆ. ಕುಡಿತ ಕಾಯಿಲೆ ಎಂಬ ಮಾತು ಹೊಡೆತಕ್ಕೆ ರಿಯಾಯಿತಿ ಚೀಟಿಯಲ್ಲ.

ಅಣ್ಣನವರು ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ಮೊದಲ ಸಲ ನೀವು ಮತ್ತು ಅತ್ತಿಗೆ ಮಾತ್ರ ಬನ್ನಿ; ರೋಗಿಯಿಲ್ಲದೆ ಬಂದ ಮನೆಯವರೊಡನೆ ಮಾತನಾಡುವುದು ನಮ್ಮ ಕೆಲಸದ ಭಾಗವೇ. ಅದಕ್ಕೂ ಮುನ್ನ ಕನ್ನಡದಲ್ಲೇ ಮಾತನಾಡಲು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ದಿನವನ್ನು, ಅದು ಸಾಮಾನ್ಯವಾಗಿ ಮಂಗಳವಾರ, ನಿಮ್ಮೂರಿನ ಆಶಾ ಕಾರ್ಯಕರ್ತೆಯರಲ್ಲಿ ಕೇಳಿ ತಿಳಿದುಕೊಳ್ಳಿ. ಅಣ್ಣನವರ ಜೊತೆ ಮಾತನಾಡಲು ಬೆಳಿಗ್ಗೆಯ ಹೊತ್ತನ್ನು, ಮೊದಲ ಗುಟುಕಿನಿಂದ ನಡುಕ ನಿಂತು ಅಮಲು ಏರುವ ಮುನ್ನಿನ ಆ ಒಂದು ಗಂಟೆಯನ್ನು ಆರಿಸಿಕೊಳ್ಳಿ. ಕುಡಿತ ಬಿಡಿ ಎಂದು ಆರಂಭಿಸಬೇಡಿ. ಕೈ ನಡುಕಕ್ಕೆ, ನಿದ್ರೆಗೆ, ಹೊಟ್ಟೆ ಉರಿಗೆ ತೋರಿಸಿಕೊಂಡು ಬರೋಣ ಎಂದರೆ ಬರುವವರು ಹೆಚ್ಚು. ಬರುವಾಗ ಆಧಾರ್ ಮತ್ತು ಪಡಿತರ ಚೀಟಿ, ಹಳೆಯ ಲ್ಯಾಬ್ ವರದಿಗಳು, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಸ್ಟ್ರಿಪ್ಪುಗಳನ್ನು ತನ್ನಿ. ಹಿಂದೆ ಫಿಟ್ಸ್ ಬಂದದ್ದನ್ನೂ ಹುಳು ಕಂಡದ್ದನ್ನೂ ಓಪಿ ಚೀಟಿ ಬರೆಯುವಾಗಲೇ ವೈದ್ಯರಿಗೆ ತಿಳಿಸಿ.